ಓದಿದ್ದು ಪರೀಕ್ಷೆ ಹೊತ್ತಲ್ಲಿ ಎಲ್ಲಿ ಹೋಗುತ್ತದೆ? ಪರೀಕ್ಷಾ ಭಯದ ಒಳಗೊಂದು ನೋಟ

ಪರೀಕ್ಷೆ ಹತ್ತಿರ ಬಂತು ಅಂದರೆ ಒಂದು ದೂರು ಎಲ್ಲ ಕಡೆ ಕೇಳಿಸುತ್ತದೆ. "ಮನೇಲಿ ಕೇಳಿದ್ರೆ ಎಲ್ಲ ಹೇಳ್ತಾನೆ, ಹಾಲ್‌ನಲ್ಲಿ ಕೂತ್ರೆ ಏನೂ ಬರಲ್ಲ." ಅಪ್ಪ ಅಮ್ಮ ಹೇಳುತ್ತಾರೆ, ಮೇಷ್ಟ್ರು ಹೇಳುತ್ತಾರೆ. ಪರೀಕ್ಷೆ ಬರೆದವರನ್ನೇ ಕೇಳಿದರೆ ಇನ್ನೊಂದು ಮಾತು ಸೇರಿಸುತ್ತಾರೆ: ಪೇಪರ್ ಕೊಟ್ಟು ಹೊರಗೆ ಬಂದು ಮೆಟ್ಟಿಲು ಇಳಿಯುವಷ್ಟರಲ್ಲಿ ಉತ್ತರ ತಾನಾಗೇ ನೆನಪಾಯಿತು ಅಂತ.

ಈ ಕೊನೆಯ ಮಾತಿನಲ್ಲೇ ವಿಷಯ ಇದೆ. ನಿಜವಾಗಿ ಮರೆತುಹೋಗಿದ್ದರೆ ಹತ್ತು ನಿಮಿಷದಲ್ಲಿ ವಾಪಸ್ ಬರುತ್ತಿರಲಿಲ್ಲ, ಅಲ್ವಾ? ಓದಿದ್ದು ತಲೆಯಲ್ಲೇ ಇತ್ತು. ಬೇಕಾದ ಹೊತ್ತಿಗೆ ಸಿಗಲಿಲ್ಲ ಅಷ್ಟೆ. ಇದು ಗೊತ್ತಿಲ್ಲದವರು ಪ್ರತಿ ಸಲವೂ "ನಾನು ದಡ್ಡ" ಅಂತಲೋ "ಇನ್ನೂ ಜಾಸ್ತಿ ಓದಬೇಕಿತ್ತು" ಅಂತಲೋ ತೀರ್ಮಾನ ಮಾಡಿಕೊಳ್ಳುತ್ತಾರೆ, ಮುಂದಿನ ಸಲ ಅದೇ ರೀತಿಯಲ್ಲಿ ಇನ್ನಷ್ಟು ಹೊತ್ತು ಓದುತ್ತಾರೆ, ಮತ್ತೆ ಅದೇ ಆಗುತ್ತದೆ. ಆದ್ದರಿಂದ ಆ ಹೊತ್ತಿನಲ್ಲಿ ಒಳಗೆ ಏನು ನಡೆಯುತ್ತದೆ ಅನ್ನುವುದನ್ನು ಮೊದಲು ನೋಡೋಣ. ಏನು ಮಾಡಬೇಕು ಅನ್ನುವುದು ಅದರಿಂದಲೇ ಗೊತ್ತಾಗುತ್ತದೆ.

ಈ ಭಯದಲ್ಲಿ ಎರಡು ಭಾಗ

ಪರೀಕ್ಷಾ ಭಯದ ಬಗ್ಗೆ ಸಂಶೋಧನೆ ಹೊಸದೇನಲ್ಲ. 1952ರಲ್ಲೇ ಜಾರ್ಜ್ ಮ್ಯಾಂಡ್ಲರ್ ಮತ್ತು ಸೆಮೋರ್ ಸಾರಸನ್ ಎಂಬ ಇಬ್ಬರು ಮನೋವಿಜ್ಞಾನಿಗಳು ಇದನ್ನು ಅಳೆಯಲು ಒಂದು ಪ್ರಶ್ನಾವಳಿ ಮಾಡಿದ್ದರು. ಆಮೇಲೆ 1967ರಲ್ಲಿ ಲೀಬರ್ಟ್ ಮತ್ತು ಮಾರಿಸ್ ಎಂಬುವರು ಒಂದು ಮುಖ್ಯವಾದ ವಿಷಯ ಹೇಳಿದರು. ನಾವು ಒಟ್ಟಾರೆ ಭಯ ಅಂತ ಕರೆಯುವುದರಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ಒಂದು ಮೈಗೆ ಆಗುವುದು: ಎದೆ ಹೊಡೆದುಕೊಳ್ಳುವುದು, ಕೈ ಬೆವರುವುದು, ಹೊಟ್ಟೆ ತೊಳೆಸುವುದು, ಮತ್ತೆ ಮತ್ತೆ ಬಾತ್‌ರೂಮಿಗೆ ಹೋಗಬೇಕು ಅನ್ನಿಸುವುದು. ಇನ್ನೊಂದು ತಲೆಯಲ್ಲಿ ಓಡುವ ಚಿಂತೆ: ಫೇಲ್ ಆದರೆ ಏನು ಗತಿ, ಪಕ್ಕದವನು ಆಗಲೇ ಎರಡನೇ ಪುಟಕ್ಕೆ ಹೋದ, ಮನೆಯಲ್ಲಿ ಏನಂತ ಹೇಳಲಿ.

ನಮಗೆ ಜೋರಾಗಿ ಗೊತ್ತಾಗುವುದು ಮೊದಲನೆಯದು, ಅದಕ್ಕೇ ಅದನ್ನೇ ದೊಡ್ಡ ಶತ್ರು ಅಂದುಕೊಳ್ಳುತ್ತೇವೆ. ಆದರೆ ಅಂಕಕ್ಕೆ ಹೆಚ್ಚು ಏಟು ಕೊಡುವುದು ಎರಡನೆಯದು, ಅಂದರೆ ಚಿಂತೆ. ಎದೆ ಹೊಡೆದುಕೊಳ್ಳುತ್ತಿದ್ದರೂ ಚೆನ್ನಾಗಿ ಬರೆಯುವವರು ಎಷ್ಟೋ ಜನ ಇದ್ದಾರೆ.

ಕೈ ಯಾಕೆ ಬೆವರುತ್ತದೆ

ಅಪಾಯ ಕಂಡ ಕೂಡಲೇ ಓಡಲು ಅಥವಾ ಹೋರಾಡಲು ಮೈಯನ್ನು ತಯಾರು ಮಾಡುವ ಒಂದು ವ್ಯವಸ್ಥೆ ನಮ್ಮೊಳಗಿದೆ. ಮಿದುಳಿನಲ್ಲಿ ಅಮಿಗ್ಡಾಲ ಅನ್ನುವ ಚಿಕ್ಕ ಭಾಗ "ಇಲ್ಲಿ ಅಪಾಯ ಇದೆ" ಅಂತ ಸುದ್ದಿ ಮುಟ್ಟಿಸುತ್ತದೆ. ಕಿಡ್ನಿಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳಿಂದ ಅಡ್ರಿನಲಿನ್ ಅನ್ನುವ ಹಾರ್ಮೋನ್ ಬಿಡುಗಡೆಯಾಗುತ್ತದೆ. ಸ್ವಲ್ಪ ಹೊತ್ತಿನ ನಂತರ ಕಾರ್ಟಿಸಾಲ್ ಅನ್ನುವ ಇನ್ನೊಂದು ಹಾರ್ಮೋನ್ ಕೂಡ ಏರುತ್ತದೆ. ಹೃದಯ ಜೋರಾಗಿ ಬಡಿಯುತ್ತದೆ, ಉಸಿರು ಚಿಕ್ಕದಾಗುತ್ತದೆ, ರಕ್ತ ಹೊಟ್ಟೆಯ ಕಡೆಯಿಂದ ಕೈಕಾಲಿನ ಸ್ನಾಯುಗಳ ಕಡೆಗೆ ಹೋಗುತ್ತದೆ. ಹೊಟ್ಟೆಯಲ್ಲಿ ಏನೋ ಕಲಕಿದ ಹಾಗೆ ಅನ್ನಿಸುವುದಕ್ಕೆ ಇದೂ ಒಂದು ಕಾರಣ.

ತೊಂದರೆ ಏನೆಂದರೆ, ಎದುರಿಗೆ ಬಂದಿರುವುದು ಕಾಡುಪ್ರಾಣಿಯೋ ಪ್ರಶ್ನೆಪತ್ರಿಕೆಯೋ ಅಂತ ಈ ವ್ಯವಸ್ಥೆ ವಿಚಾರಿಸಿ ನೋಡುವುದಿಲ್ಲ. ನಾವು ಯಾವುದನ್ನು ಅಪಾಯ ಅಂತ ಎಣಿಸಿದ್ದೇವೋ ಅದಕ್ಕೆಲ್ಲ ಒಂದೇ ಉತ್ತರ ಕೊಡುತ್ತದೆ. ಹಾಗಾಗಿ ಕೈ ಬೆವರಿತು ಅಂದರೆ ಮೈ ಕೆಟ್ಟಿದೆ ಅಂತ ಅರ್ಥ ಅಲ್ಲ. ಅದು ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ.

ಇದರಲ್ಲಿ ಸ್ವಲ್ಪ ಭಾಗ ನಮಗೆ ಬೇಕು ಕೂಡ. 1908ರಲ್ಲಿ ರಾಬರ್ಟ್ ಯರ್ಕ್ಸ್ ಮತ್ತು ಜಾನ್ ಡಾಡ್ಸನ್ ಇಲಿಗಳ ಮೇಲೆ ಮಾಡಿದ ಪ್ರಯೋಗದಿಂದ ಹುಟ್ಟಿದ ಒಂದು ವಿಚಾರ ಇಂದಿಗೂ ಮನೋವಿಜ್ಞಾನದ ಪಾಠಗಳಲ್ಲಿ ಬರುತ್ತದೆ. ಒತ್ತಡ ತೀರಾ ಕಡಿಮೆ ಇದ್ದರೆ ಕೆಲಸ ಸರಿಯಾಗಿ ಆಗುವುದಿಲ್ಲ, ತೀರಾ ಜಾಸ್ತಿಯಾದರೂ ಆಗುವುದಿಲ್ಲ, ನಡುವೆ ಎಲ್ಲೋ ಒಂದು ಹದ ಇದೆ. ಕೆಲಸ ಕಷ್ಟದ್ದಾದಷ್ಟೂ ಆ ಹದ ಕೆಳಗಿಳಿಯುತ್ತದೆ. ಸುಲಭದ ಕೆಲಸವನ್ನು ಗಾಬರಿಯಲ್ಲೂ ಮಾಡಿಬಿಡಬಹುದು. ಐದಾರು ಹಂತ ಇರುವ ಲೆಕ್ಕವನ್ನು ಹಾಗೆ ಮಾಡುವುದು ಕಷ್ಟ. ಏನೇನೂ ಭಯ ಇಲ್ಲದೆ ಪರೀಕ್ಷೆ ಬರೆಯಬೇಕು ಅನ್ನುವ ಗುರಿಯನ್ನು ಇಟ್ಟುಕೊಳ್ಳಬೇಕಾದ ಅಗತ್ಯವೇ ಇಲ್ಲ ಅನ್ನುವುದು ಇದರಿಂದ ಗೊತ್ತಾಗುತ್ತದೆ.

ತಲೆ ಖಾಲಿಯಾಗುವುದು ಹೇಗೆ

ಈಗ ಮೆಟ್ಟಿಲಿನ ವಿಷಯಕ್ಕೆ ಬರೋಣ. ನಮ್ಮ ನೆನಪು ಒಂದೇ ರೀತಿಯದ್ದಲ್ಲ. ವರ್ಷಗಟ್ಟಲೆ ಓದಿದ್ದು, ಕೇಳಿದ್ದು ಎಲ್ಲ ಕೂಡಿಟ್ಟಿರುವ ದೊಡ್ಡ ಜಾಗ ಒಂದು. ಈ ಕ್ಷಣ ಯಾವುದನ್ನು ಇಟ್ಟುಕೊಂಡು ಯೋಚಿಸುತ್ತಿದ್ದೇವೋ ಅದಕ್ಕಿರುವ ಚಿಕ್ಕ ಜಾಗ ಇನ್ನೊಂದು. ಈ ಎರಡನೆಯದಕ್ಕೆ ವರ್ಕಿಂಗ್ ಮೆಮೊರಿ ಅನ್ನುತ್ತಾರೆ.

ದೊಡ್ಡ ಕಪಾಟಿನ ತುಂಬ ಪುಸ್ತಕ ಇದೆ, ಆದರೆ ಬರೆಯುವುದಕ್ಕೆ ಇರುವುದು ಒಂದೇ ಒಂದು ಪುಟ್ಟ ಮೇಜು ಅಂದುಕೊಳ್ಳಿ. ಕಪಾಟಿನಲ್ಲಿ ಎಷ್ಟೇ ಇರಲಿ, ಕೆಲಸ ಆಗಬೇಕಾದರೆ ಬೇಕಾದ ಪುಸ್ತಕವನ್ನು ತಂದು ಮೇಜಿನ ಮೇಲೆ ತೆರೆಯಬೇಕು. ಈ ಮೇಜು ಎಷ್ಟು ಪುಟ್ಟದು ಅಂದರೆ, ಒಂದು ಹೊತ್ತಿಗೆ ಸುಮಾರು ನಾಲ್ಕು ವಿಷಯಕ್ಕಷ್ಟೇ ಜಾಗ ಇದೆ ಅಂತ ನೆಲ್ಸನ್ ಕೋವನ್ ಎಂಬ ಮನೋವಿಜ್ಞಾನಿ 2001ರಲ್ಲಿ ಅಂದಾಜು ಮಾಡಿದರು. ಚಿಂತೆಗೂ ಕೂರುವುದಕ್ಕೆ ಇದೇ ಮೇಜು ಬೇಕು. "ಟೈಮ್ ಸಾಕಾಗಲ್ಲ" ಅನ್ನುವುದು ಒಂದು ಮೂಲೆ ಹಿಡಿಯುತ್ತದೆ, "ಇದು ನಾನು ಓದೇ ಇಲ್ಲ" ಅನ್ನುವುದು ಇನ್ನೊಂದು ಮೂಲೆ. ಉಳಿದ ಜಾಗದಲ್ಲಿ ಪ್ರಶ್ನೆಯನ್ನು ಪೂರ್ತಿ ಇಡುವುದಕ್ಕೂ ಆಗುವುದಿಲ್ಲ.

ಅದು ಹೊರಗೆ ಕಾಣುವುದು ಹೀಗೆ. ಮೊದಲ ಪ್ರಶ್ನೆ ಓದುತ್ತೀರಿ, ಸಾಲಿನ ಕೊನೆಗೆ ಬರುವಷ್ಟರಲ್ಲಿ ಶುರುವಿನಲ್ಲಿ ಏನಿತ್ತು ಅನ್ನುವುದು ಹೋಗಿರುತ್ತದೆ. ಮತ್ತೆ ಓದುತ್ತೀರಿ. ಅಕ್ಷರ ಕಾಣುತ್ತಿದೆ, ಅರ್ಥ ಆಗುತ್ತಿಲ್ಲ. ಮೂರನೇ ಸಲ ಓದುವಾಗ "ಅಯ್ಯೋ, ಮೂರು ಸಲ ಓದಿದೆನಲ್ಲ" ಅನ್ನುವ ಹೊಸ ಚಿಂತೆ ಬಂದು ಉಳಿದಿದ್ದ ಜಾಗವನ್ನೂ ತಿನ್ನುತ್ತದೆ. ಇದರ ಜೊತೆಗೆ, ಏರಿದ ಕಾರ್ಟಿಸಾಲ್ ಹಳೆಯ ನೆನಪನ್ನು ಹೊರಗೆ ತೆಗೆಯುವ ಕೆಲಸಕ್ಕೂ ಅಡ್ಡ ಬರುತ್ತದೆ ಅಂತ ಪ್ರಯೋಗಗಳಲ್ಲಿ ಕಂಡಿದೆ. ಪೇಪರ್ ಕೊಟ್ಟಮೇಲೆ ಚಿಂತಿಸುವುದಕ್ಕೆ ಏನೂ ಉಳಿದಿರುವುದಿಲ್ಲ, ಜಾಗ ಖಾಲಿಯಾಗುತ್ತದೆ, ಮೆಟ್ಟಿಲಿನ ಮೇಲೆ ಉತ್ತರ ಹೊಳೆಯುತ್ತದೆ.

"ಹೆದರಬೇಡ, ಧೈರ್ಯವಾಗಿರು" ಅಂದರೆ ಯಾಕೆ ಪ್ರಯೋಜನ ಆಗುವುದಿಲ್ಲ ಅನ್ನುವುದೂ ಇಲ್ಲೇ ಗೊತ್ತಾಗುತ್ತದೆ. ಒಂದು ಯೋಚನೆಯನ್ನು ಬಲವಂತವಾಗಿ ತಳ್ಳಬೇಕಾದರೆ, ಅದು ಮತ್ತೆ ಬಂತಾ ಅಂತ ಕಾಯುತ್ತಲೇ ಇರಬೇಕು. ಡೇನಿಯಲ್ ವೆಗ್ನರ್ 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರಿಗೆ ಬಿಳಿ ಕರಡಿಯ ಬಗ್ಗೆ ಯೋಚಿಸಲೇಬೇಡಿ ಅಂತ ಹೇಳಿದಾಗ ಕರಡಿ ಅವರ ತಲೆಗೆ ಮತ್ತೆ ಮತ್ತೆ ಬಂತು. ಹೆದರಬೇಡ ಅನ್ನುವ ಮಾತಿನ ಗತಿಯೂ ಅಷ್ಟೆ.

ಓದುವುದಕ್ಕೆ ಕೂರಲೇ ಆಗುತ್ತಿಲ್ಲ ಅಂದರೆ

ಕೆಲವರಿಗೆ ಭಯ ಹಾಲ್‌ನಲ್ಲಿ ಬರುವುದಕ್ಕೂ ಮುಂಚೆ, ಎಷ್ಟೋ ವಾರಗಳ ಹಿಂದೆಯೇ ಬಂದಿರುತ್ತದೆ. ಹೊರಗಿನಿಂದ ನೋಡಿದರೆ ಅದು ಸೋಮಾರಿತನದ ಹಾಗೆ ಕಾಣುತ್ತದೆ, ಮನೆಯಲ್ಲಿ ಜಗಳ ಆಗುವುದೂ ಜಾಸ್ತಿ ಇದೇ ಕಾರಣಕ್ಕೆ. ಪುಸ್ತಕ ತೆಗೆದರೆ ಎದೆ ಭಾರ ಆಗುತ್ತದೆ. ಪುಸ್ತಕ ಮುಚ್ಚಿ ಫೋನ್ ಹಿಡಿದರೆ ಹಗುರ ಆಗುತ್ತದೆ. ಮುಚ್ಚಿದರೆ ಹಗುರ ಆಗುತ್ತದೆ ಅನ್ನುವುದನ್ನು ಮಿದುಳು ಬಹಳ ಬೇಗ ಕಲಿಯುತ್ತದೆ. ನಾಳೆ ಅದನ್ನೇ ಮಾಡಿಸುತ್ತದೆ. ಉಳಿದ ಪಾಠ ಬೆಳೆಯುತ್ತಾ ಹೋಗುತ್ತದೆ, ಅದರ ಜೊತೆಗೆ ಭಯವೂ.

ಇದರಿಂದ ಹೊರಗೆ ಬರಲು ಬೈಗುಳ ಸಹಾಯ ಮಾಡುವುದಿಲ್ಲ, ಯಾಕೆಂದರೆ ಪುಸ್ತಕದ ಜೊತೆಗೆ ಬೈಗುಳವೂ ಸೇರಿ ಎದೆ ಇನ್ನೂ ಭಾರ ಆಗುತ್ತದೆ. ಸಹಾಯ ಮಾಡುವುದು ಶುರುವನ್ನು ಚಿಕ್ಕದು ಮಾಡುವುದು. "ಇವತ್ತು ಪೂರ್ತಿ ವಿಜ್ಞಾನ" ಅನ್ನುವ ಬದಲು "ಹತ್ತು ನಿಮಿಷ, ಈ ಒಂದೇ ಚಿತ್ರ". ಹತ್ತು ನಿಮಿಷ ಆದಮೇಲೆ ಎದ್ದು ಹೋದರೂ ಪರವಾಗಿಲ್ಲ. ಎಷ್ಟೋ ಸಲ ಎದ್ದು ಹೋಗುವ ಮನಸ್ಸೇ ಆಗುವುದಿಲ್ಲ, ಕೂರುವ ಮುಂಚೆ ಇದ್ದ ಭಯ ಕೂತಮೇಲೆ ಕಡಿಮೆ ಆಗಿರುತ್ತದೆ.

ಓದುವ ರೀತಿಯಲ್ಲೇ ಅರ್ಧ ಉತ್ತರ ಇದೆ

ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ಉಸಿರಾಟ, ಧ್ಯಾನ ಇವುಗಳ ಬಗ್ಗೆ ಎಲ್ಲರೂ ಹೇಳುತ್ತಾರೆ, ಇದನ್ನು ಹೇಳುವವರು ಕಡಿಮೆ.

ಹೆಚ್ಚಿನವರು ಓದುವುದು ಹೇಗೆ? ಪಾಠ ಒಂದು ಸಲ, ಎರಡು ಸಲ, ಮೂರು ಸಲ ಓದುವುದು, ಹಳದಿ ಪೆನ್ನಿನಲ್ಲಿ ಗೆರೆ ಎಳೆಯುವುದು. ಮೂರನೇ ಸಲಕ್ಕೆ ಎಲ್ಲ ಪರಿಚಯದ್ದೇ ಅನ್ನಿಸುತ್ತದೆ, "ಗೊತ್ತು" ಅಂತ ಪುಟ ತಿರುಗಿಸುತ್ತೇವೆ. ಆದರೆ ಕಣ್ಣೆದುರು ಇರುವಾಗ ಗುರುತು ಹಿಡಿಯುವುದು ಬೇರೆ, ಪುಸ್ತಕ ಇಲ್ಲದೆ ತಲೆಯಿಂದ ಹೊರಗೆ ತೆಗೆಯುವುದು ಬೇರೆ. ಪರೀಕ್ಷೆ ಕೇಳುವುದು ಎರಡನೆಯದನ್ನು. ನಾವು ಮನೆಯಲ್ಲಿ ಅಭ್ಯಾಸ ಮಾಡಿದ್ದು ಮೊದಲನೆಯದನ್ನು ಮಾತ್ರ.

ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಇದನ್ನು ನೇರವಾಗಿ ಪರೀಕ್ಷಿಸಿದರು. ವಿದ್ಯಾರ್ಥಿಗಳಿಗೆ ಒಂದು ಪಾಠದ ತುಣುಕು ಕೊಟ್ಟು, ಕೆಲವರಿಗೆ ಮತ್ತೆ ಓದಲು ಹೇಳಿದರು, ಉಳಿದವರಿಗೆ ನೋಡದೆ ನೆನಪಿಸಿಕೊಂಡು ಬರೆಯಲು ಹೇಳಿದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ನೆನಪಿಸಿಕೊಂಡು ಬರೆದವರು ಮುಂದೆ ಬಂದರು. ಮತ್ತೆ ಮತ್ತೆ ಓದಿದವರಿಗೆ ಮಾತ್ರ ತಮಗೆ ಚೆನ್ನಾಗಿ ನೆನಪಿರುತ್ತದೆ ಅನ್ನುವ ನಂಬಿಕೆ ಜಾಸ್ತಿ ಇತ್ತು.

ಇದಕ್ಕೂ ಭಯಕ್ಕೂ ಏನು ಸಂಬಂಧ? 2016ರಲ್ಲಿ ಟಫ್ಟ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಇದೇ ಪ್ರಯೋಗಕ್ಕೆ ಒತ್ತಡವನ್ನೂ ಸೇರಿಸಿದರು. ಕಲಿತ ಮರುದಿನ, ಜನರ ಮುಂದೆ ಭಾಷಣ ಮಾಡಿಸಿ, ಲೆಕ್ಕ ಮಾಡಿಸಿ, ಬೇಕೆಂದೇ ಗಾಬರಿ ಹುಟ್ಟಿಸಿ ಆಮೇಲೆ ನೆನಪು ಕೇಳಿದರು. ಸುಮ್ನೆ ಮತ್ತೆ ಓದಿ ಕಲಿತವರ ನೆನಪು ಒತ್ತಡದಲ್ಲಿ ಕುಸಿಯಿತು. ನೆನಪಿಸಿಕೊಂಡು ಕಲಿತವರ ನೆನಪು ಹಾಗೇ ಉಳಿಯಿತು. ಗಾಬರಿ ಅವರಿಗೂ ಆಗಿತ್ತು, ಆದರೆ ಕಲಿತದ್ದು ಕೈ ಬಿಡಲಿಲ್ಲ.

ಮಾಡುವುದು ಹೇಗೆ ಅಂದರೆ, ಒಂದು ಪಾಠ ಓದಿದ ಮೇಲೆ ಪುಸ್ತಕ ಮುಚ್ಚಿ, ಬೇರೆ ಕೋಣೆಯಲ್ಲೇ ಇಟ್ಟು ಬಂದರೆ ಇನ್ನೂ ಒಳ್ಳೆಯದು. ಖಾಲಿ ಹಾಳೆ ತೆಗೆದುಕೊಂಡು ನೆನಪಿರುವುದನ್ನೆಲ್ಲ ಬರೆಯಿರಿ. ಮೊದಲ ಎರಡು ನಿಮಿಷ ಏನೂ ಬರದೆ ಪೆನ್ನು ಹಿಡಿದು ಸುಮ್ಮನೆ ಕೂರುವ ಹಾಗಾಗುತ್ತದೆ. ಆ ಎರಡು ನಿಮಿಷ ಬಹಳ ಬೇಜಾರು, ಕೈ ಪುಸ್ತಕದ ಕಡೆ ಹೋಗುತ್ತದೆ. ಹೋಗಲು ಬಿಡಬೇಡಿ, ಕಲಿಕೆ ನಡೆಯುವುದು ಆ ತಡಕಾಟದಲ್ಲೇ. ಒಂದು ಪದ ಸಿಗುತ್ತದೆ, ಅದು ಇನ್ನೊಂದನ್ನು ಎಳೆದು ತರುತ್ತದೆ. ಇನ್ನು ಸಾಧ್ಯವೇ ಇಲ್ಲ ಅನ್ನಿಸಿದಾಗ ಪುಸ್ತಕ ತೆಗೆದು ಬಿಟ್ಟುಹೋದದ್ದನ್ನು ಬೇರೆ ಬಣ್ಣದಲ್ಲಿ ಸೇರಿಸಿ. ಎರಡು ದಿನ ಬಿಟ್ಟು ಮತ್ತೆ ಖಾಲಿ ಹಾಳೆ, ಮುಂದಿನ ವಾರ ಇನ್ನೊಮ್ಮೆ.

ಪರೀಕ್ಷೆಗೆ ಕೆಲವು ವಾರ ಇರುವಾಗ ಇದನ್ನೇ ಪರೀಕ್ಷೆಯ ರೂಪಕ್ಕೆ ತನ್ನಿ. ಹಳೆಯ ಪ್ರಶ್ನೆಪತ್ರಿಕೆ, ಗಡಿಯಾರ, ಗಟ್ಟಿ ಕುರ್ಚಿ, ಫೋನ್ ಇಲ್ಲ, ಪೂರ್ತಿ ಸಮಯ ಮುಗಿಯುವವರೆಗೆ ಏಳುವಂತಿಲ್ಲ. ಆನ್‌ಲೈನ್ ಪರೀಕ್ಷೆಯಾದರೆ ಪರದೆಯ ಮೇಲೆಯೇ ಮಾಡಿ. ಮೊದಲ ಸಲ ಮನೆಯಲ್ಲೂ ಎದೆ ಹೊಡೆದುಕೊಳ್ಳಬಹುದು, ಅಂಕ ಕಡಿಮೆ ಬರಬಹುದು. ಹಾಗಾದರೆ ಅಭ್ಯಾಸ ಸರಿಯಾಗಿ ನಡೆಯುತ್ತಿದೆ ಅಂತಲೇ ತಿಳಿಯಿರಿ, ಯಾಕೆಂದರೆ ಏನೂ ಕಳೆದುಕೊಳ್ಳದೆ ಆ ಗಾಬರಿಯ ಜೊತೆ ಬರೆಯುವುದನ್ನು ಕಲಿಯಲು ಇದೇ ಅವಕಾಶ. ನಾಲ್ಕನೆಯದೋ ಐದನೆಯದೋ ಬರೆಯುವಷ್ಟರಲ್ಲಿ ಮೈಗೆ ಅದು ಪರಿಚಯವಾಗುತ್ತಾ ಬರುತ್ತದೆ.

ಚಿಂತೆಯನ್ನು ಕಾಗದಕ್ಕೆ ಇಳಿಸುವುದು

ಮೇಜಿನ ಮೇಲಿನ ಚಿಂತೆಯನ್ನು ತಳ್ಳಲು ಆಗುವುದಿಲ್ಲ ಅಂದೆವಲ್ಲ, ಬೇರೆ ಕಡೆ ಇಡಲು ಆಗುತ್ತದೆ. ಜೆರಾರ್ಡೊ ರಾಮಿರೆಸ್ ಮತ್ತು ಸಿಯಾನ್ ಬೈಲಾಕ್ 2011ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ವಿದ್ಯಾರ್ಥಿಗಳು ಪರೀಕ್ಷೆಗೆ ಸ್ವಲ್ಪ ಮುಂಚೆ 10 ನಿಮಿಷ ತಮ್ಮ ಭಯದ ಬಗ್ಗೆಯೇ ಬಿಚ್ಚುಮನಸ್ಸಿನಿಂದ ಬರೆದರು. ಭಯ ಜಾಸ್ತಿ ಇದ್ದ ವಿದ್ಯಾರ್ಥಿಗಳಿಗೆ ಇದರಿಂದ ಅಂಕ ಏರಿತು.

ಚೆಂದ ಬರೆಯಬೇಕಾಗಿಲ್ಲ, ಯಾರಿಗೂ ತೋರಿಸಬೇಕಾಗಿಲ್ಲ. "ಮೂರನೇ ಪಾಠ ಬಂದರೆ ನನ್ನ ಕಥೆ ಮುಗೀತು, ಅಣ್ಣ ತೆಗೆದಷ್ಟು ಅಂಕ ನನಗೆ ಬರಲ್ಲ, ಅಮ್ಮನ ಮುಖ ಹೇಗೆ ನೋಡಲಿ" ಅಂತ ಬಂದ ಹಾಗೆ ಬರೆಯುವುದು, ಆಮೇಲೆ ಹರಿದು ಬಿಸಾಕುವುದು. ಬರೆಯುವಾಗ ಕೆಲವು ಚಿಂತೆಗಳು ತಲೆಯಲ್ಲಿ ಕಂಡಷ್ಟು ದೊಡ್ಡದಾಗಿ ಕಾಗದದ ಮೇಲೆ ಕಾಣುವುದಿಲ್ಲ. ಎಲ್ಲರಿಗೂ ಒಂದೇ ತರ ಕೆಲಸ ಮಾಡುತ್ತದೆ ಅಂತ ಹೇಳಲಾಗುವುದಿಲ್ಲ, ಆದ್ದರಿಂದ ಮನೆಯಲ್ಲಿ ಅಣಕು ಪರೀಕ್ಷೆಗೆ ಮುಂಚೆಯೇ ಮಾಡಿ ನೋಡಿ.

ಹಾಲ್‌ನಲ್ಲಿ ಕೂತಾಗ

ಎದೆ ಹೊಡೆದುಕೊಳ್ಳಲು ಶುರುವಾದರೆ ಅದನ್ನು ನಿಲ್ಲಿಸಲು ಹೋರಾಡಬೇಡಿ. "ಮೈ ತಯಾರಾಗುತ್ತಿದೆ" ಅಂತ ಹೇಳಿಕೊಳ್ಳಿ. ಇದು ಬರೀ ಸಮಾಧಾನದ ಮಾತಲ್ಲ. ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹಾಡು, ಭಾಷಣ, ಲೆಕ್ಕದ ಪರೀಕ್ಷೆ ಇವುಗಳಿಗೆ ಮುಂಚೆ ಶಾಂತವಾಗಲು ಪ್ರಯತ್ನಿಸಿದವರಿಗಿಂತ, ಆ ತಳಮಳವನ್ನೇ ಹುರುಪು ಅಂತ ಕರೆದುಕೊಂಡವರು ಚೆನ್ನಾಗಿ ಮಾಡಿದರು. ಹೊಡೆದುಕೊಳ್ಳುವ ಎದೆಯನ್ನು ಒಮ್ಮೆಲೇ ತಣ್ಣಗೆ ಮಾಡುವುದು ಕಷ್ಟ, ಅದಕ್ಕೆ ಬೇರೆ ಹೆಸರು ಕೊಡುವುದು ಸುಲಭ.

ಗಾಬರಿ ತೀರಾ ಮೇಲೇರಿದರೆ ಉಸಿರನ್ನು ಬಳಸಿ. ನಾಲ್ಕು ಎಣಿಸುತ್ತಾ ಮೂಗಿನಿಂದ ಒಳಗೆ, ಆರು ಎಣಿಸುತ್ತಾ ಹೊರಗೆ. ಉಸಿರು ಬಿಡುವಾಗ ಹೃದಯದ ಬಡಿತ ಸಹಜವಾಗಿಯೇ ಸ್ವಲ್ಪ ನಿಧಾನ ಆಗುತ್ತದೆ, ಆದ್ದರಿಂದ ಬಿಡುವುದನ್ನು ಉದ್ದ ಮಾಡುವುದರಲ್ಲಿ ಅರ್ಥ ಇದೆ. ಎಂಟು ಹತ್ತು ಸಲ ಮಾಡಿದರೆ ಒಂದೂವರೆ ನಿಮಿಷ ಹೋಗಬಹುದು. ಮೂರು ಗಂಟೆಯ ಪರೀಕ್ಷೆಯಲ್ಲಿ ಅದು ದಂಡ ಅಲ್ಲ.

ಪ್ರಶ್ನೆಪತ್ರಿಕೆ ಸಿಕ್ಕಿದ ಕೂಡಲೇ, ಮರೆತುಹೋಗಬಹುದು ಅಂತ ಹೆದರಿಕೆ ಇರುವ ಸೂತ್ರ, ಇಸವಿಗಳನ್ನು ಕಚ್ಚಾ ಕೆಲಸದ ಜಾಗದಲ್ಲಿ ಬರೆದುಬಿಡಿ. ಅವುಗಳನ್ನು ತಲೆಯಲ್ಲಿ ಹಿಡಿದಿಡುವ ಕೆಲಸ ಅಲ್ಲಿಗೆ ಮುಗಿಯಿತು. ಆಮೇಲೆ ಗೊತ್ತಿರುವ ಒಂದು ಸುಲಭದ ಪ್ರಶ್ನೆಯಿಂದ ಶುರು ಮಾಡಿ. ತಲೆ ಖಾಲಿ ಅನ್ನಿಸಿದರೆ ಆ ಪ್ರಶ್ನೆಗೆ ಗುರುತು ಹಾಕಿ ಮುಂದೆ ಹೋಗಿ, ಅದನ್ನೇ ದಿಟ್ಟಿಸುತ್ತಾ ಕೂತರೆ ಚಿಂತೆಗೆ ಇನ್ನಷ್ಟು ಹೊತ್ತು ಸಿಗುತ್ತದೆ. ಪಕ್ಕದವರು ಎಕ್ಸ್‌ಟ್ರಾ ಹಾಳೆ ಕೇಳಿದರೆ ಅವರ ಅಕ್ಷರ ದೊಡ್ಡದಿರಬಹುದು.

ಹಿಂದಿನ ರಾತ್ರಿ

ಓದಿದ್ದು ಗಟ್ಟಿಯಾಗಿ ಕೂರುವ ಕೆಲಸದ ದೊಡ್ಡ ಪಾಲು ನಡೆಯುವುದು ನಿದ್ದೆಯಲ್ಲಿ. ಹದಿಹರೆಯದವರಿಗೆ 8ರಿಂದ 10 ಗಂಟೆ, ದೊಡ್ಡವರಿಗೆ 7 ಗಂಟೆಯಾದರೂ ಬೇಕು. ರಾತ್ರಿಯಿಡೀ ಕೂತು ಓದಿದರೆ ಹೊಸದಾಗಿ ಸೇರುವುದು ಸ್ವಲ್ಪ, ಹಳೆಯದನ್ನು ತೆಗೆಯುವ ಶಕ್ತಿ ಕುಂದುವುದು ಜಾಸ್ತಿ. ಕಾಫಿ, ಟೀ ಕುಡಿದು ಐದಾರು ಗಂಟೆ ಆದಮೇಲೂ ಅದರಲ್ಲಿರುವ ಕೆಫೀನ್‌ನ ಸುಮಾರು ಅರ್ಧ ಮೈಯಲ್ಲೇ ಇರುತ್ತದೆ, ಎದೆ ಹೊಡೆದುಕೊಳ್ಳುವುದನ್ನೂ ಅದು ಜಾಸ್ತಿ ಮಾಡುತ್ತದೆ. ಒಂದು ವೇಳೆ ನಿದ್ದೆ ಬರಲೇ ಇಲ್ಲ ಅಂದರೆ ಅದಕ್ಕೂ ಗಾಬರಿ ಬೇಡ, ಒಂದು ರಾತ್ರಿ ಕೆಟ್ಟ ಮಾತ್ರಕ್ಕೆ ತಿಂಗಳುಗಟ್ಟಲೆ ಕಲಿತದ್ದು ಅಳಿಸಿಹೋಗುವುದಿಲ್ಲ.

ಮನೆಯವರು ಏನು ಮಾಡಬಹುದು

ಮಕ್ಕಳ ಚಿಂತೆಯಲ್ಲಿ ದೊಡ್ಡ ಪಾಲು ಪ್ರಶ್ನೆಪತ್ರಿಕೆಯದ್ದಲ್ಲ, ಆಮೇಲೆ ಮನೆಯಲ್ಲಿ ಏನಾಗುತ್ತದೆ ಅನ್ನುವುದರದ್ದು. ಅಂಕ ಎಷ್ಟೇ ಬಂದರೂ ನಮ್ಮ ನಡುವೆ ಏನೂ ಬದಲಾಗುವುದಿಲ್ಲ ಅಂತ ಬಾಯಿಬಿಟ್ಟು ಹೇಳಿ. ಗೊತ್ತಿರುತ್ತೆ ಬಿಡು ಅಂತ ಬಿಟ್ಟುಬಿಡಬೇಡಿ, ಎಷ್ಟೋ ಮಕ್ಕಳಿಗೆ ಅದು ಗೊತ್ತಿರುವುದಿಲ್ಲ. "ಎಷ್ಟು ಓದಿದೆ?" ಅನ್ನುವುದಕ್ಕಿಂತ "ಪುಸ್ತಕ ಕೊಡು, ನಾನು ಪ್ರಶ್ನೆ ಕೇಳ್ತೀನಿ" ಅನ್ನುವುದು ನಿಜವಾದ ಸಹಾಯ. ಪರೀಕ್ಷೆ ಮುಗಿಸಿ ಬಂದವರಿಗೆ ಊಟ ಕೊಡಿ, ಮುಂದಿನ ಪೇಪರ್ ಇರುವಾಗ ಆಗಿಹೋದದ್ದರ ಉತ್ತರ ತಾಳೆ ನೋಡಲು ಕೂರಿಸಬೇಡಿ.

ಯಾವಾಗ ಬೇರೆಯವರ ಸಹಾಯ ಬೇಕು

ವಾರಗಟ್ಟಲೆ ನಿದ್ದೆ ಊಟ ಸರಿಯಿಲ್ಲ, ಪರೀಕ್ಷೆಯ ದಿನ ವಾಂತಿಯಾಗುತ್ತದೆ, ಉಸಿರು ಕಟ್ಟಿದ ಹಾಗಾಗಿ ಸತ್ತೇಹೋಗುತ್ತೇನೆ ಅನ್ನಿಸುತ್ತದೆ, ಪರೀಕ್ಷೆಗೆ ಹೋಗುವುದನ್ನೇ ಬಿಟ್ಟಿದ್ದಾರೆ. ಇಂಥದ್ದು ಕಂಡರೆ ಆಪ್ತಸಮಾಲೋಚಕರನ್ನೋ ವೈದ್ಯರನ್ನೋ ನೋಡುವುದು ಒಳ್ಳೆಯದು. ಅವರು ಸಾಮಾನ್ಯವಾಗಿ ಮಾಡುವುದು ಎರಡು ಕೆಲಸ. "ಇದರಲ್ಲಿ ಫೇಲ್ ಆದರೆ ಜೀವನವೇ ಮುಗೀತು" ಎಂಬಂಥ ಯೋಚನೆಗಳನ್ನು ಒಂದೊಂದಾಗಿ ತೆಗೆದು, ಅದು ಎಷ್ಟು ನಿಜ ಅಂತ ಜೊತೆಯಲ್ಲಿ ಕೂತು ಪರಿಶೀಲಿಸುತ್ತಾರೆ. ಭಯ ಹುಟ್ಟಿಸುವ ಸನ್ನಿವೇಶವನ್ನು ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ ಎದುರಿಸುವ ಅಭ್ಯಾಸ ಮಾಡಿಸುತ್ತಾರೆ. ಓದುವುದರಲ್ಲೇ, ಗಮನ ಇಡುವುದರಲ್ಲೇ ಮೊದಲಿಂದ ತೊಂದರೆ ಇದೆಯಾ ಅನ್ನುವುದನ್ನೂ ನೋಡುತ್ತಾರೆ, ಯಾಕೆಂದರೆ ಕೆಲವು ಸಲ ಭಯದ ಹಿಂದೆ ಯಾರೂ ಗುರುತಿಸದ ಕಲಿಕೆಯ ತೊಡಕು ಇರುತ್ತದೆ. ಗೆಳೆಯರು ಕೊಟ್ಟ ಮಾತ್ರೆಯನ್ನು ಪರೀಕ್ಷೆಯ ಬೆಳಿಗ್ಗೆ ನುಂಗುವುದು ಮಾತ್ರ ಖಂಡಿತ ಬೇಡ.

"ನಾನು ಇರಬಾರದು", "ಬದುಕಿ ಏನು ಪ್ರಯೋಜನ" ಅನ್ನುವ ಮಾತು ಬಂದರೆ, ತಮಾಷೆಗೆ ಅಂದ ಹಾಗೆ ಕೇಳಿಸಿದರೂ, ಅವರನ್ನು ಒಬ್ಬರೇ ಬಿಡಬೇಡಿ. ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿ ಕೇಳಿ, ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅವತ್ತೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ಮರುದಿನ ಪರೀಕ್ಷೆ ಇದ್ದರೂ ಸರಿ.